ಬ್ಯಾಡ ಅನ್ನೋನು

ಮದ್ದೂರು ಬಸ್ ನಿಲ್ದಾಣದಲ್ಲಿ ಬಸ್ಸಿಗೆ ಕಾಯುತ್ತಿದ್ದ ವೀಣಳ ಪಕ್ಕದಲ್ಲೇ ನಿಂತಿದ್ದ ಆಲೆಮನೆಯ ಮೇಸ್ತ್ರಿ ಚಿಕ್ಕಬೋರಯ್ಯ ಗೆಳೆಯನ ಮುಂದೆ ತನ್ನನ್ನೇ ಬೈದುಕೊಳ್ಳುತ್ತಿದ್ದ.

“ಪಾಕ ಬಂತು, ಇಳಿಸ್ರೋ ಅಂದೆ ಕಣ್ಲಾ. ಇಳಿಸ್ಬುಟ್ರು. ಒಂದು ಕೊಪ್ಪರಿಗೆ ಬೆಲ್ಲ ಗಟ್ಟಿನೇ ಆಗ್ನಿಲ್ಲ.”

“ಏಳು ಜನ ಆಳು ಇದ್ರಲ್ಲ, ಒಬ್ರೂ ಬ್ಯಾಡ ಅನ್ನಲಿಲ್ವಾ?”

“ಅನ್ನೋನು ಪೂರಿಗಾಲಿ ಊರಿನ ಮಾದಯ್ಯ ಒಬ್ನೇ. ಎದುರು ಮಾತಾಡ್ತಾನೆ ಅಂತ ಅವನ್ನ ಓದ್ ತಿಂಗ್ಳೇ ಓಡ್ಸಿದ್ನಲ್ಲ, ನಾನು ಮಹಾ ಬುದ್ಧಿವಂತ!”

“ಈಗ ಕರೆಯಾಕೆ ಒಂಟಿದ್ದೀಯಾ? ಎಲ್ಲಾರ ಮುಂದೆ ಓಡ್ಸಿ, ಒಬ್ನೇ ಓಗಿ ಕರೆದ್ರೆ ಬಂದಾನಾ?”

“ಅದ್ಕೇ ಎಲ್ಲಾರ್ನೂ ಕರ್ಕಂಡೇ ಓಯ್ತಾ ಇವ್ನಿ. ನಾನು ತಪ್ಪಾಯ್ತು ಅನ್ನೋದ ಇವ್ರೂ ಕೇಳ್ಲಿ. ಇಲ್ದಿದ್ರೆ ನಾಳೆ ಇನ್ನೊಬ್ನೂ ಬಾಯಿ ಬುಡಾಕಿಲ್ಲ.”

ಬಸ್ಸು ಬಂತು. ಟೀ ಅಂಗಡಿಯಿಂದ ಏಳು ಜನ ಎದ್ದು ಬಂದರು. ಅವರನ್ನೆಲ್ಲ ಹತ್ತಿಸಿ ಚಿಕ್ಕಬೋರಯ್ಯ ಕೊನೆಗೆ ಹತ್ತಿದ.