ಉಣ್ಣೆ ಎಂದು ಬರೆದಿದ್ದ ಚೀಲ

ವಯಸ್ಸು 49, ಪ್ರಾಣಿರೋಗ ಪ್ರಯೋಗಾಲಯದಲ್ಲಿ ಕ್ಷೇತ್ರ ಸಹಾಯಕ, ವಾಸ ಅದರ ಹಿಂಬದಿಯ ವಸತಿಗೃಹ, ಮನೆ ಸಂಖ್ಯೆ 6. ಈ ದಿನ ಬೆಳಿಗ್ಗೆ 11-40ಕ್ಕೆ ನಾನಾಗಿಯೇ ಠಾಣೆಗೆ ಬಂದು ತಿಳಿಸುವುದೇನೆಂದರೆ:

ಬಿಳಿ ಬಟ್ಟೆಯನ್ನು ಹುಲ್ಲಿನ ಮೇಲೆ ಎಳೆದು, ಅದಕ್ಕೆ ಹತ್ತುವ ಉಣ್ಣೆಗಳನ್ನು, ಅಂದರೆ ರಕ್ತ ಹೀರುವ ಉಣುಗುಗಳನ್ನು, ಎಣಿಸಿ ತರುವುದು ನನ್ನ ಕೆಲಸ. ಕಾಡಿನ ಅಂಚಿನಲ್ಲಿ ಇಬ್ಬರಿಗೆ ಇವು ಕಚ್ಚಿ ಬರುವಂಥ ಜ್ವರ ಬಂದು ಒಬ್ಬರು ತೀರಿಕೊಂಡಿದ್ದರಿಂದ ನಿನ್ನೆ 9-15ಕ್ಕೆ ಅಲ್ಲಿಗೆ ಹೋದೆ. ಜೀಪಿನ ಚಾಲಕನಾದ ನನ್ನ ಭಾವಮೈದನು, ಭಾವ ಹುಲ್ಲಿಗೆ ಸ್ನಾನ ಮಾಡಿಸಿ ಮೈ ಒರೆಸ್ತಿದ್ದಾರೆ ಎಂದು ಎಂದಿನಂತೆ ತಮಾಷೆ ಮಾಡಿದನು. ಇನ್ನೂರು ಮೀಟರ್ ಎಳೆದೆ. ಬಟ್ಟೆಗೆ 43 ಹತ್ತಿದ್ದವು. ಎಲ್ಲವೂ ಮರಿಗಳು, ಗುಂಡುಸೂಜಿಯ ತಲೆಗಿಂತ ಚಿಕ್ಕವು. ಎಣಿಸಲು ಬಗ್ಗಿದಾಗ ನನ್ನ ಉಸಿರು ತಾಗಿ ಅಷ್ಟೂ ಒಟ್ಟಿಗೆ ಮುಂಗಾಲೆತ್ತಿದವು. ಸೀಸೆಗಳನ್ನು ಮರೆತು ಬಂದಿದ್ದರಿಂದ ಬಟ್ಟೆಯನ್ನೇ ಮಡಚಿ ಚೀಲದಲ್ಲಿ ಕಟ್ಟಿ, ಮೇಲೆ ‘ಉಣ್ಣೆ ಬಟ್ಟೆ’ ಎಂದು ಬರೆದೆ. ನಮ್ಮಲ್ಲಿ ಹಾಗೆಯೇ ಬರೆಯುವುದು.

1-05ಕ್ಕೆ ಹಿಂತಿರುಗಿದಾಗ ಶೈತ್ಯಕೋಣೆಗೆ ಬೀಗ ಹಾಕಿತ್ತು. ಬೀಗದ ಕೈ ಇದ್ದವರು ಊಟಕ್ಕೆ ಹೋಗಿದ್ದರು. ಚೀಲವನ್ನು ಪಡಸಾಲೆಯ ಬೆಂಚಿನ ಮೇಲಿಟ್ಟು ಕೈ ತೊಳೆಯಲು ಹೋದೆ. ಹನ್ನೆರಡು ನಿಮಿಷ. ಬಂದಾಗ ಚೀಲ ಇರಲಿಲ್ಲ. ಯಾರೋ ಶೈತ್ಯಕೋಣೆಯಲ್ಲಿ ಇಟ್ಟಿರಬೇಕು ಎಂದುಕೊಂಡೆ. ಕೇಳಲಿಲ್ಲ.

ಇಂದು 8-20ಕ್ಕೆ ಕೋಣೆ ತೆರೆಸಿದೆ. ಒಳಗೂ ಇರಲಿಲ್ಲ. ಹೊಸದಾಗಿ ಸೇರಿದ ಗುಮಾಸ್ತೆಯನ್ನು ಕೇಳಿದಾಗ, ನಿರ್ಗತಿಕರ ತಂಗುದಾಣಕ್ಕೆ ಸಿಬ್ಬಂದಿ ಕೊಟ್ಟ ಕಂಬಳಿಗಳ ಜೊತೆ ತಾನೇ ಕಳಿಸಿದ್ದಾಗಿ ಹೇಳಿದಳು. ಉಣ್ಣೆ ಅಂತ ನೀವೇ ಬರೆದಿದ್ರಲ್ಲ ಸಾರ್, ಅದು ಕುರಿದಲ್ವಾ ಎಂದು ಕೇಳಿದಳು. ಕುರಿಯ ಮೇಲೂ ಇರುತ್ತದಮ್ಮ ಎಂದೆ. ಆಮೇಲೆ ಅವಳಿಗೆ ಅರ್ಥವಾಯಿತು.

ತಂಗುದಾಣ 1.8 ಕಿ.ಮೀ. ದೂರ. 9-10ಕ್ಕೆ ತಲುಪಿದೆ. ಮೇಲ್ವಿಚಾರಕಿಯು, ಬಟ್ಟೆ ಮೆತ್ತಗೆ ಬೆಳ್ಳಗಿತ್ತು, ಅದಕ್ಕೇ ಎಲ್ಲರಿಗಿಂತ ಹಿರಿಯರಾದ ಚಳಿ ತಾತನಿಗೆ ಕೊಟ್ಟೆ ಎಂದರು. ಸದಾ ನಡುಗುವುದರಿಂದ ಆ ಹೆಸರು. ದಾಖಲೆಯಲ್ಲೂ ಅದೇ ಇದೆ. ಹದಿನಾಲ್ಕನೇ ಮಂಚ ಖಾಲಿ ಇತ್ತು. ದಿಂಬಿನ ಮೇಲೆ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಇಟ್ಟಿತ್ತು. ಬಿಡಿಸಿ ಉಸಿರು ಬಿಟ್ಟೆ. ಆರು ಮುಂಗಾಲೆತ್ತಿದವು. ಹಾಸಿಗೆಯನ್ನೂ ಅಕ್ಕಪಕ್ಕದ ಮಂಚಗಳನ್ನೂ ನಲವತ್ತು ನಿಮಿಷ ಹುಡುಕಿದೆ. ಉಳಿದ 37 ಸಿಗಲಿಲ್ಲ.

ಪಕ್ಕದ ಮಂಚದವರು ಹೇಳಿದ್ದು: ಮಲಗುವಾಗ ತಾತನ ಹೊದಿಕೆಯ ಮೇಲೆ ಎಳ್ಳು ಚೆಲ್ಲಿದಂತೆ ಕಂಡಿತು. ಕೊಡವುತ್ತೇನೆ ಎಂದರೆ, ಬಿಡೋ ಮಾರಾಯ, ಈಗಷ್ಟೇ ಬೆಚ್ಚಗಾಗ್ತಿದೆ ಎಂದು ತಾತ ಕತ್ತಿನವರೆಗೆ ಎಳೆದುಕೊಂಡರು. ಬೆಳಿಗ್ಗೆ ಎಳ್ಳು ಇರಲಿಲ್ಲ. ಎಷ್ಟೋ ವರ್ಷಕ್ಕೆ ನಿದ್ದೆ ಹತ್ತಿತು, ಕೊಟ್ಟವನ ಹೊಟ್ಟೆ ತಣ್ಣಗಿರಲಿ ಎಂದು ಹೇಳಿ ತಾತ 6-30ಕ್ಕೆ ಹೊರಟುಹೋದರು. ಎಲ್ಲಿಗೆಂದು ಯಾರೂ ಕೇಳಿಲ್ಲ.

ಕಚ್ಚಿದ್ದು ತಿಳಿಯುವುದಿಲ್ಲವೇ ಎಂದು ತಾವು ಕೇಳಿದ್ದಕ್ಕೆ: ತಿಳಿಯುವುದಿಲ್ಲ. ಜಾಗ ಮರಗಟ್ಟಿಸಿಯೇ ಹೀರುತ್ತವೆ. ಮೂರು ನಾಲ್ಕು ದಿನ ಕಚ್ಚಿಕೊಂಡಿದ್ದು, ಹೊಟ್ಟೆ ತುಂಬಿದ ಮೇಲೆ ತಾತ ಕೂತಲ್ಲಿ, ಮಲಗಿದಲ್ಲಿ ಉದುರುತ್ತವೆ. ಪೊರೆ ಬಿಟ್ಟು ದೊಡ್ಡವಾಗಿ ಮುಂದಿನವರಿಗಾಗಿ ಕಾಯುತ್ತವೆ. ಎಲ್ಲದರಲ್ಲೂ ರೋಗ ಇರುತ್ತದೆಯೇ ಎಂದರೆ, ಇಲ್ಲ. ಇವುಗಳಲ್ಲಿ ಇದೆಯೇ ಎಂದು ನೋಡುವುದಕ್ಕಾಗಿಯೇ ಹಿಡಿದು ತಂದಿದ್ದೆ. ತಾತ ಇಂದೇ ಸಿಕ್ಕರೆ ಚಿಮಟದಿಂದ ಒಂದೊಂದಾಗಿ ಕಿತ್ತು, ಜ್ವರ ಬರುವ ಮೊದಲೇ ಆಸ್ಪತ್ರೆಗೆ ಸೇರಿಸಬಹುದು.

ಆದ್ದರಿಂದ ಅವರನ್ನು ಬೇಗ ಹುಡುಕಿಸಿಕೊಡಬೇಕು. ಸಿಕ್ಕಾಗ, ಬಟ್ಟೆಯಲ್ಲಿ ಏನಿತ್ತೆಂದು ನಾನು ಹೇಳುವ ಮೊದಲು, ಅದು ನನ್ನದೆಂದು ಬೇರೆ ಯಾರೂ ಹೇಳಬಾರದು. ಅವರು ನನಗೆ ಕೈ ಮುಗಿದುಬಿಡುತ್ತಾರೆ.

ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ನಿಜವಾಗಿದೆ.

ಸ್ಥಳ: ಠಾಣೆ
ದಿನಾಂಕ: ಜನವರಿ 17, ಮಧ್ಯಾಹ್ನ 12-25
(ಸಹಿ)