ಬೇಸಿನ್ ಮಾತ್ರ ನನ್ನದು

ನಾನು ಸಿವಿಲ್ ಎಂಜಿನಿಯರಿಂಗ್ ಮೂರನೇ ವರ್ಷದ ವಿದ್ಯಾರ್ಥಿನಿ, ವಯಸ್ಸು ಇಪ್ಪತ್ತೊಂದು. ಎಲ್ಲದಕ್ಕೂ ಅಳತೆ ಕೇಳುತ್ತೇನೆಂದು ಕಾಲೇಜಿನಲ್ಲಿ ನನ್ನನ್ನು ಸ್ಕೇಲು ಎಂದು ಕರೆಯುತ್ತಾರೆ. ತಂದೆ ಡ್ರೈವರ್. ವಾಸ: ಎಂಜಿನಿಯರ್ ಸಾಹೇಬರ ಮನೆಯ ಹಿಂದಿನ ಕಾರ್ ಶೆಡ್ಡಿನ ಮೇಲಿನ ಕೋಣೆ. ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ನಮ್ಮ ತಂದೆಯವರು ಹನ್ನೊಂದು ವರ್ಷಗಳಿಂದ ಸದರಿ ಸಾಹೇಬರ ಕಾರು ಓಡಿಸುತ್ತಿದ್ದಾರೆ. ಕೋಣೆಗೆ ಬಾಡಿಗೆ ಇಲ್ಲ. ಇಲ್ಲವೆಂಬುದನ್ನು ಸಾಹೇಬರು ಆಗಾಗ ನೆನಪಿಸುತ್ತಾರೆ.

ಕಳೆದ ವರ್ಷ ಕಾಲೇಜಿನಲ್ಲಿ ನಕ್ಷೆ ಬಿಡಿಸುವ ಸಾಫ್ಟ್‌ವೇರ್ ಬೇಕೇ ಬೇಕೆಂದರು. ಪೂರ್ತಿ ಬೆಲೆ ಕೇಳಿದ ಅಮ್ಮ, 'ಮನೆ ಬರೆಯೋದಕ್ಕಾ ಇಷ್ಟು, ಇಲ್ಲ ಮನೇನೇ ಕೊಡ್ತಾರಾ?' ಎಂದು ಕೇಳಿದಳು. ಅದೇ ಸಾಫ್ಟ್‌ವೇರ್ ವಿದ್ಯಾರ್ಥಿಗಳಿಗೆ ಹತ್ತನೇ ಒಂದು ಪಾಲಿಗಿಂತ ಕಡಿಮೆ ಬೆಲೆಗೆ ಸಿಗುತ್ತದೆ. ಕಾಲೇಜಿನ ಗುರುತಿನ ಚೀಟಿಯ ಫೋಟೋ ಕಳಿಸಬೇಕು. ನನ್ನ ಚೀಟಿಯಲ್ಲಿ ಮುಖ ಮಸಿಮಸಿಯಾಗಿತ್ತು. ನೀವು ವಿದ್ಯಾರ್ಥಿನಿ ಎಂಬುದು ಖಾತ್ರಿಯಾಗಲಿಲ್ಲ ಎಂದು ಕಂಪನಿಯವರು ಎರಡು ಸಲ ಹಿಂತಿರುಗಿಸಿದರು. ಪ್ರಿನ್ಸಿಪಾಲರ ಪತ್ರ ಸೇರಿಸಿದ ಮೇಲೆ ಒಪ್ಪಿದರು. ಷರತ್ತು ಒಂದೇ: ಕಲಿಯಲು ಬಳಸಬೇಕು, ಸಂಪಾದನೆಗೆ ಬಳಸಬಾರದು. ಅದಕ್ಕೇ ಅದರಲ್ಲಿ ಬಿಡಿಸಿದ ನಕ್ಷೆಯನ್ನು ಮುದ್ರಿಸಿದಾಗ ಹಾಳೆಯ ನಾಲ್ಕೂ ಅಂಚಿನಲ್ಲಿ 'ವಿದ್ಯಾರ್ಥಿ ಪ್ರತಿ, ಕಲಿಕೆಗೆ ಮಾತ್ರ' ಎಂದು ತಾನಾಗಿಯೇ ಬೀಳುತ್ತದೆ.

ಈ ಗುರುತಿನ ಬಗ್ಗೆ ಒಂದು ವಿಷಯವನ್ನು ತಪ್ಪದೆ ಬರೆದುಕೊಳ್ಳಬೇಕಾಗಿ ವಿನಂತಿ. ಅದು ಅಂಟುರೋಗದಂಥದ್ದು. ವಿದ್ಯಾರ್ಥಿ ಪ್ರತಿಯಲ್ಲಿ ಬಿಡಿಸಿದ ಒಂದು ಬಾಗಿಲನ್ನೋ ಕುರ್ಚಿಯನ್ನೋ ತಂದು, ಪೂರ್ತಿ ಬೆಲೆ ಕೊಟ್ಟವರ ನಕ್ಷೆಗೆ ಸೇರಿಸಿದರೂ ಇಡೀ ನಕ್ಷೆಗೆ ಗುರುತು ಹತ್ತುತ್ತದೆ. ಬಣ್ಣ ಬಿಡುವ ಒಂದು ಬಟ್ಟೆಯನ್ನು ಬಿಳಿ ಬಟ್ಟೆಗಳ ಜೊತೆ ನೆನೆಹಾಕಿದ ಹಾಗೆ.

ಕಳೆದ ರಜೆಯಲ್ಲಿ ಕೆಲಸ ನೋಡಿ ಕಲಿಯಲು ಸಾಹೇಬರ ಕಚೇರಿಗೆ ಹೋಗುತ್ತಿದ್ದೆ. ನಾನು ನನ್ನ ಕಂಪ್ಯೂಟರಿನಲ್ಲಿ ಕೈ ತೊಳೆಯುವ ಬೇಸಿನ್ ಒಂದನ್ನು ಬಿಡಿಸಿದ್ದೆ. ನಲ್ಲಿ, ನೀರು ಹೋಗುವ ತೂತು, ಸೋಪಿಡುವ ಹಳ್ಳ ಎಲ್ಲ ಇತ್ತು. ಸಾಹೇಬರು ನೋಡಿ, 'ಭೇಷ್, ಇಂಥದ್ದು ನಮ್ಮ ಆಫೀಸಲ್ಲೇ ಇಲ್ಲ, ಕಳ್ಸಮ್ಮ' ಎಂದರು. ಗುರುತು ಹತ್ತುತ್ತದೆ ಎಂದು ಹೇಳಿದೆ. ಸುಮ್ಮನೆ ಮಾದರಿಗೆ ಇಟ್ಟುಕೊಳ್ಳುವುದಾಗಿ ಹೇಳಿದರು. ಕಳಿಸಿದೆ. ಆ ದಿನ ನನಗೆ ಬಹಳ ಹೆಮ್ಮೆಯಾಗಿತ್ತು. ಅಮ್ಮನಿಗೆ ಎರಡು ಸಲ ಹೇಳಿದೆ.

ಇದೇ ಸೋಮವಾರ ಬೆಳಿಗ್ಗೆ 10.40ಕ್ಕೆ, ಸಾಹೇಬರು ಕಟ್ಟಿಸುತ್ತಿದ್ದ ಮನೆಯ ಎರಡನೇ ಅಂತಸ್ತಿನ ಬಾಲ್ಕನಿ ಮುರಿದು ಬಿತ್ತು. ಅಲ್ಲಿ ನಿಂತು ಗ್ರಿಲ್ಲಿಗೆ ಬಣ್ಣ ಹೊಡೆಯುತ್ತಿದ್ದ ಪೇಂಟರ್ ಅದರ ಜೊತೆಯೇ ಕೆಳಗೆ ಬಿದ್ದರು. ಕಾರಿನೊಂದಿಗೆ ಅಲ್ಲೇ ಇದ್ದ ತಂದೆಯವರು ಅವರನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಸೇರಿಸಿದರು. ಸೊಂಟದ ಮೂಳೆ ಮುರಿದಿದೆ, ಇನ್ನೂ ಎದ್ದು ಕೂತಿಲ್ಲ. ಸಂಜೆ ತಂದೆಯವರು ಆ ಸೀಟನ್ನು ತೊಳೆದರು, ಒರೆಸಿದರು, ಮತ್ತೆ ತೊಳೆದರು. ಸಾಹೇಬರು ಕಿಟಕಿಯಿಂದ, 'ಆಂಬುಲೆನ್ಸ್ ಕರೆಯೋಕೆ ಏನಾಗಿತ್ತು ನಿನಗೆ?' ಎಂದು ಕೇಳಿದ್ದನ್ನು ನಾನು ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡಿದ್ದೇನೆ.

ಮಂಗಳವಾರ ತಮ್ಮ ಠಾಣೆಯವರು ಆ ಜಾಗದಲ್ಲಿ ಸಿಕ್ಕ ನಕ್ಷೆಯನ್ನು ವಶಕ್ಕೆ ತೆಗೆದುಕೊಂಡರು. ಅದರ ಅಂಚಿನಲ್ಲಿ 'ಕಲಿಕೆಗೆ ಮಾತ್ರ' ಎಂದಿತ್ತೆಂದು ತಂದೆಯವರಿಂದ ತಿಳಿಯಿತು. ಆಗಲೇ ನನಗೆ ಭಯ ಶುರುವಾಯಿತು.

ನಿನ್ನೆ ಬುಧವಾರ ಸಂಜೆ 7.15ಕ್ಕೆ ಸಾಹೇಬರು ನಮ್ಮ ಕೋಣೆಗೆ ಬಂದರು. ಹನ್ನೊಂದು ವರ್ಷದಲ್ಲಿ ಅವರು ಆ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಅಮ್ಮ ಕುರ್ಚಿಯ ಮೇಲಿದ್ದ ಬಟ್ಟೆ ತೆಗೆದು ಜಾಗ ಮಾಡಿದಳು. ಸ್ವಲ್ಪ ಹೊತ್ತು ಸಾಹೇಬರು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ನನ್ನ ಓದು, ತಂದೆಯವರ ರಕ್ತದೊತ್ತಡ, ಪೇಟೆಯಲ್ಲಿ ಏರಿರುವ ಬಾಡಿಗೆ ಅಂತೆಲ್ಲ ಮಾತಾಡಿದರು. ಆಮೇಲೆ ಅದೇ ನಕ್ಷೆಯ ಇನ್ನೊಂದು ಪ್ರತಿಯನ್ನು ನಮ್ಮ ಮೇಜಿನ ಮೇಲೆ ಹರಡಿ, ಟೈಪ್ ಮಾಡಿದ ಒಂದು ಪತ್ರವನ್ನು ಅದರ ಮೇಲಿಟ್ಟರು. ಈ ನಕ್ಷೆಯನ್ನು ನಾನೇ ನನ್ನ ವಿದ್ಯಾರ್ಥಿ ಸಾಫ್ಟ್‌ವೇರಿನಲ್ಲಿ ಸಾಹೇಬರಿಗೆ ತಿಳಿಯದಂತೆ ತಿದ್ದಿದ್ದೇನೆ ಎಂದು ಅದರಲ್ಲಿತ್ತು.

'ನೋಡಮ್ಮ, ನೀನಿನ್ನೂ ಓದೋ ಹುಡುಗಿ. ನಿನಗಾದ್ರೆ ಬುದ್ಧಿ ಹೇಳಿ ಬಿಟ್ಬಿಡ್ತಾರೆ. ನನ್ನ ಲೈಸೆನ್ಸು ಹೋದ್ರೆ ನಿಮ್ಮಪ್ಪನಿಗೆ ಸಂಬಳ ಎಲ್ಲಿಂದ ಬರತ್ತೆ?' ಎಂದು ಸಾಹೇಬರು ಹೇಳಿದರು.

ನಾನು ನಕ್ಷೆಯನ್ನು ನೋಡಿದೆ. ಬಾಲ್ಕನಿ ಆರು ಅಡಿ ಹೊರಗೆ ಚಾಚಿತ್ತು. ಒಳಗಿನ ಕಬ್ಬಿಣದ ಕಂಬಿಗಳು ಮಾತ್ರ ನಾಲ್ಕು ಅಡಿಯ ಬಾಲ್ಕನಿಗೆ ಹಾಕುವಂಥವೇ ಇದ್ದವು. ಬಾಲ್ಕನಿಯನ್ನು ಎಳೆದು ಉದ್ದ ಮಾಡಿದವರು ಕಂಬಿಯ ಕಡೆ ಕಣ್ಣೆತ್ತಿಯೂ ನೋಡಿರಲಿಲ್ಲ. ಪರೀಕ್ಷೆಯಲ್ಲಿ ಹೀಗೆ ಬರೆದರೆ ನಮಗೆ ಸೊನ್ನೆ ಕೊಡುತ್ತಾರೆ. ಮೂಲೆಯ ಸ್ನಾನದ ಮನೆಯಲ್ಲಿ ನನ್ನ ಬೇಸಿನ್ ಇತ್ತು, ಸೋಪಿನ ಹಳ್ಳದ ಸಮೇತ. ಮೈಯೆಲ್ಲ ಉರಿದುಹೋಯಿತು. ನಾನು ಬಿಡಿಸಿದ ಬೇಸಿನ್ನಿನಲ್ಲೇ ಸಾಹೇಬರು ಕೈ ತೊಳೆದುಕೊಳ್ಳಲು ಬಂದಿದ್ದರು.

ಬೇಸಿನ್ ನನ್ನದು, ಬಾಲ್ಕನಿ ನನ್ನದಲ್ಲ ಎಂದು ಹೇಳಿದೆ. ಅಮ್ಮ ನನ್ನ ತೋಳು ಹಿಡಿದು, 'ಉಂಡ ಮನೆಗೆ ಎರಡು ಬಗೀಬಾರದು ಕಣೇ, ನಾಳೆ ಎಲ್ಲಿಗೆ ಹೋಗೋಣ?' ಎಂದು ಅತ್ತಳು. ಅಮ್ಮನ ಮೇಲೆ ನನಗೆ ಸಿಟ್ಟಿಲ್ಲ. ಹೋಗಲು ನಮಗೆ ನಿಜವಾಗಿಯೂ ಜಾಗವಿರಲಿಲ್ಲ.

ತಂದೆಯವರು ಬಾಗಿಲ ಬಳಿ ನಿಂತಿದ್ದರು. ಸಾಹೇಬರ ಮುಂದೆ ಅವರು ಕೂರುವುದಿಲ್ಲ. 'ಮಗಳೇ, ಬೇಸಿನ್ ಬಿಟ್ಟು ಇನ್ನೊಂದೇ ಒಂದು ಗೆರೆ ನಿಂದಿದೆಯಾ ಇದರಲ್ಲಿ? ಸರಿಯಾಗಿ ನೋಡಿ ಹೇಳು' ಎಂದರು. ನೋಡಿದೆ. ಇಲ್ಲ ಎಂದೆ. 'ಹಾಗಾದ್ರೆ ಅದರ ಪಕ್ಕ ಸಹಿ ಹಾಕು. ಸಾರ್ ಕೇಳ್ತಿರೋದು ಸಹಿ ತಾನೇ?' ಎಂದರು.

ನಾನು ಪೆನ್ನು ತೆಗೆದು ಬೇಸಿನ್ನಿನ ಸುತ್ತ ವೃತ್ತ ಎಳೆದು, 'ಇದು ಮಾತ್ರ ನನ್ನದು' ಎಂದು ಬರೆದು ಸಹಿ ಮಾಡಿದೆ. ಸಾಹೇಬರು ನಕ್ಷೆ ಕಿತ್ತುಕೊಳ್ಳಲು ಕೈ ಹಾಕಿದರು. ತಂದೆಯವರು ಅವರ ಮಣಿಕಟ್ಟು ಹಿಡಿದರು. ಹೊಡೆಯಲಿಲ್ಲ, ತಳ್ಳಲಿಲ್ಲ. ತಮ್ಮ ಮೇಲೆ ಡ್ರೈವರ್ ಹಲ್ಲೆ ಮಾಡಿದನೆಂದು ಸಾಹೇಬರು ದೂರು ಕೊಟ್ಟಿರುವುದು ಇಲ್ಲಿಗೆ ಬಂದ ಮೇಲೆ ತಿಳಿಯಿತು. ಆದ್ದರಿಂದ ಇದನ್ನು ಹಾಗೆಯೇ ಬರೆದುಕೊಳ್ಳಬೇಕು. ಮಣಿಕಟ್ಟು ಹಿಡಿದುಕೊಂಡೇ ತಂದೆಯವರು ಹೇಳಿದ್ದು ಇಷ್ಟು: 'ಸಾರ್, ಆ ಪೇಂಟರು ದಾರಿಯುದ್ದಕ್ಕೂ ನನ್ನ ಕೇಳ್ತಾನೇ ಇದ್ದ, ಅಣ್ಣಾ, ನಾನೇನಾದ್ರೂ ತಪ್ಪು ಕಡೆ ಕಾಲಿಟ್ನಾ ಅಂತ. ತಪ್ಪು ತನ್ನದೇ ಅಂದ್ಕೊಂಡಿದ್ದ ಪಾಪ. ನನ್ನ ಮಗಳೂ ಹಾಗೆ ಅಂದ್ಕೋಬಾರದು.' ಆಮೇಲೆ ಕೈ ಬಿಟ್ಟರು.

ಬೆಳಗಾಗುವುದರೊಳಗೆ ಕೋಣೆ ಖಾಲಿ ಮಾಡುವಂತೆ ಹೇಳಿ ಸಾಹೇಬರು ಇಳಿದುಹೋದರು. ನಕ್ಷೆಯೂ ಪತ್ರವೂ ಮೇಜಿನ ಮೇಲೆಯೇ ಉಳಿದವು.

ತಂದೆಯವರು ಬಹಳ ಹೊತ್ತು ನಕ್ಷೆಯ ಅಂಚನ್ನೇ ನೋಡುತ್ತಿದ್ದರು. ನಂತರ ಬಗ್ಗಿ, ಮೇಜು ಅಲುಗಬಾರದೆಂದು ಅದರ ಕಾಲಿನ ಕೆಳಗೆ ಮಡಿಸಿಟ್ಟಿದ್ದ ಕಾಗದವನ್ನು ಎಳೆದರು. ಬಿಡಿಸಿದರೆ ಉದ್ದುದ್ದ ಪಟ್ಟಿಗಳು. ಪ್ರತಿಯೊಂದರ ಮೇಲೂ 'ಕಲಿಕೆಗೆ ಮಾತ್ರ'. ಸಾಹೇಬರು ಕಚೇರಿಯಲ್ಲಿ ತಾವೇ ಕೂತು ನಕ್ಷೆಗಳ ಅಂಚು ಕತ್ತರಿಸಿ ಬುಟ್ಟಿಗೆ ಹಾಕುತ್ತಿದ್ದರೆಂದೂ, ದಪ್ಪ ಕಾಗದ, ಮೇಜಿಗಾದೀತು ಎಂದು ತಾವು ಎರಡು ತಿಂಗಳ ಹಿಂದೆ ಎತ್ತಿಕೊಂಡು ಬಂದಿದ್ದಾಗಿಯೂ ತಂದೆಯವರು ತಿಳಿಸಿದರು. ಅಂದರೆ ಗುರುತು ಹತ್ತಿದ್ದು ಸಾಹೇಬರಿಗೆ ಆಗಲೇ ಗೊತ್ತಿತ್ತು. ಸೈಟಿಗೆ ಕಳಿಸಿದ ಪ್ರತಿಯ ಅಂಚು ಕತ್ತರಿಸಲು ಮರೆತು, ಈಗ ನನ್ನ ತಲೆಯ ಮೇಲೆ ಗೂಬೆ ಕೂರಿಸುತ್ತಿದ್ದಾರೆ. ಅವರ ಕಚೇರಿಯ ಕಪಾಟಿನಲ್ಲಿರುವ ನಕ್ಷೆಗಳನ್ನು ಅಳೆದು ನೋಡಬೇಕಾಗಿ ಕೋರುತ್ತೇನೆ. ಅಂಚು ಕತ್ತರಿಸಿದ ಹಾಳೆ ಮೂಲ ಅಳತೆಗಿಂತ ಚಿಕ್ಕದಿರುತ್ತದೆ.

ವೃತ್ತ ಎಳೆದ ನಕ್ಷೆ, ನಾನು ಸಹಿ ಮಾಡದ ಪತ್ರ ಮತ್ತು ಮೇಜಿನ ಕಾಲಿನ ಪಟ್ಟಿಗಳನ್ನು ಈ ಹೇಳಿಕೆಯ ಜೊತೆ ಒಪ್ಪಿಸಿದ್ದೇನೆ.

ಬರೆದುಕೊಂಡಿದ್ದನ್ನು ಓದಿಸಿ ಕೇಳಿದೆ. ನಾನು ಹೇಳಿದ್ದೇ ಇದೆ, ಎಲ್ಲವೂ ನಿಜ. ಒಂದೇ ತಿದ್ದುಪಡಿ: ಮೊದಲಿಗೆ ಕೊಟ್ಟ ವಿಳಾಸವನ್ನು ಹೊಡೆದುಹಾಕಬೇಕು. ಅಭ್ಯಾಸಬಲದಿಂದ ಬಾಯಿಗೆ ಬಂದುಬಿಟ್ಟಿತು. ಇಂದು ಬೆಳಿಗ್ಗೆ ತಂದೆಯವರು ಕಾರಿನ ಕೀಯನ್ನೂ ಕೋಣೆಯ ಕೀಯನ್ನೂ ಬಾನೆಟ್ಟಿನ ಮೇಲಿಟ್ಟು ಬಂದಿದ್ದಾರೆ. ಅವರೂ ಅಮ್ಮನೂ ಮೇಜೂ ಠಾಣೆಯ ಹೊರಗೆ ಕಾಯುತ್ತಿದ್ದಾರೆ. ಹೊಸ ವಿಳಾಸ ಸಿಕ್ಕ ದಿನ ನಾನೇ ಬಂದು ಬರೆಸುತ್ತೇನೆ.

ಸ್ಥಳ: ಠಾಣೆ
ದಿನ: ಗುರುವಾರ, ಬೆಳಿಗ್ಗೆ 9.30
ಸಹಿ: ಬೇಸಿನ್ನಿನ ಪಕ್ಕದಲ್ಲಿ ಇರುವುದೇ