ಅಳಿವೆಯಲ್ಲಿ ನೆಟ್ಟ ಗಳ

ಕಡಲ ಬದಿಯ ಒಂದು ಊರು, ಅಲ್ಲೊಬ್ಬ ಸಾಹುಕಾರ. ಆ ಊರಿನ ಬಂದರಿಗೆ ಬರಬೇಕಾದರೆ ಹೊಳೆ ಕಡಲಿಗೆ ಸೇರುವ ಅಳಿವೆಯನ್ನು ದಾಟಬೇಕು. ನೀರಿನಡಿಯೆಲ್ಲ ಮರಳ ದಿಬ್ಬ. ಪ್ರತಿ ಮಳೆಗಾಲಕ್ಕೂ ಆ ದಿಬ್ಬ ಜಾಗ ಬದಲಿಸುತ್ತದೆ. ಅದಕ್ಕೇ ಮಳೆ ನಿಂತ ಮೇಲೆ ಆಳ ನೋಡಿ, ದೋಣಿಯ ದಾರಿಗೆ ಬಿದಿರ ಗಳ ನೆಡುವುದು ವಾಡಿಕೆ. ಆ ಮರ್ಯಾದೆ ಸಾಹುಕಾರನ ಮನೆತನದ್ದು. ಅವನು ನೆಟ್ಟ ಗಳವೆಂದರೆ ಯಾರೂ ಮತ್ತೆ ಆಳ ನೋಡುತ್ತಿರಲಿಲ್ಲ. ನೋಡಿ, ಎಂಥ ನಂಬಿಕೆ!

ಅವನ ತಮ್ಮ ಹೆಂಡತಿ ಮಕ್ಕಳೊಡನೆ ದೋಣಿಯಲ್ಲಿ ಮಾವನ ಮನೆಗೆ ಹೋಗಿದ್ದ. ಅಷ್ಟರಲ್ಲಿ ಯುದ್ಧ ಬಂತು. ಹೊರಗಿನವರು ಬಂದರೇ? ಇಲ್ಲ. ನಮ್ಮ ನಮ್ಮಲ್ಲೇ! ಅರಸ ತೀರಿಹೋದ, ಇಬ್ಬರು ಮಕ್ಕಳು ಬಡಿದಾಡಿದರು. ದೊಡ್ಡವನು ಕೋಟೆ ಹಿಡಿದ, ಚಿಕ್ಕವನು ಹಡಗು ತಂದ. ಇಬ್ಬರದೂ ಒಂದೇ ಬಾವುಟ.

ದೊಡ್ಡವನ ದಳವಾಯಿ ಸಾಹುಕಾರನಿಗೆ, “ಗಳ ಕಿತ್ತು ದಿಬ್ಬದ ಮೇಲೆ ನೆಡು” ಎಂದ. ನೆಟ್ಟ. ಚಿಕ್ಕವನ ಎರಡು ಹಡಗು ಮರಳಿಗೆ ಸಿಕ್ಕಿಬಿದ್ದವು. ಕೋಟೆಯ ಫಿರಂಗಿ ಅವನ್ನು ಸುಟ್ಟಿತು. ವಾರ ಕಳೆಯಿತು. ಚಿಕ್ಕವನ ದಂಡು ದೂರದ ದಂಡೆಯಲ್ಲಿ ಇಳಿದು, ಹಿಂದಿನಿಂದ ನುಗ್ಗಿ ಕೋಟೆ ಹಿಡಿಯಿತು. ದೊಡ್ಡವನ ಕಡೆಯವರು ಓಡಿಹೋಗಿ ಹಡಗು ಹತ್ತಿದರು. ಈಗ ಕೋಟೆ ಚಿಕ್ಕವನದು, ಕಡಲು ದೊಡ್ಡವನದು! ತಲೆ ಕೆಟ್ಟಿತೇ? ನನಗೂ ಕೆಟ್ಟಿದೆ. ಸಾಹುಕಾರನಿಗೆ ಕೆಡದೆ ಇರುತ್ತದೆಯೇ?

ಕೋಟೆಯವರು ಹೇಳಿದರೆಂದು ಹಗಲು ಗಳ ಸರಿಸಿದ. ನಾಳೆ ಕಡಲಿನವರು ಗೆದ್ದರೆ ಎಂಬ ಹೆದರಿಕೆಗೆ ಸಂಜೆ ಅದರಲ್ಲಿ ನಾಲ್ಕು ಗಳ ಕಿತ್ತು ಮೊದಲಿದ್ದಲ್ಲೇ ನೆಟ್ಟ. ಕೋಟೆ ಮತ್ತೆ ಕೈ ಬದಲಿಸಿತು; ಮತ್ತೆ ಸರಿಸಿದ. ಹಳೆಯ ಅಂಬಿಗನೊಬ್ಬ ಕೇಳಿದ: “ಸಾವ್ಕಾರ್ರೇ, ಇದ್ರಲ್ಲಿ ಸಮ ಯಾವ್ದು, ಮೋಸದ್ದು ಯಾವ್ದು?”

“ಸುಮ್ನಿರು ಮಾರಾಯ, ನಂಗೆ ಗೊತ್ತುಂಟು.”

ಗೊತ್ತಿತ್ತೇ? ಗೊತ್ತಿರಲಿಲ್ಲ!

ಒಂದು ದಿನ ಅರಸುಮಕ್ಕಳಿಗೆ ರಾಜಿಯಾಯಿತು. ಅಷ್ಟು ಜನರನ್ನು ಸಾಯಿಸಿ, ಅಣ್ಣ ತಮ್ಮ ಅಪ್ಪಿಕೊಂಡರು. ಕೋಟೆಯಲ್ಲಿ ದೊಡ್ಡ ಊಟ. ಗಳದ ಕೆಲಸ ನಾಳೆ ನೋಡಿದರಾಯಿತು ಎಂದು ಸಾಹುಕಾರ ಊಟಕ್ಕೆ ಹೋದ. ಎಲೆಯ ಮುಂದೆ ಕೂತಿದ್ದಾಗ ಯಾರೋ ಕೂಗಿದರು: “ನಿಮ್ಮ ತಮ್ಮನ ದೋಣಿ ಬಂತು!”

ಎಂಜಲು ಕೈಯಲ್ಲೇ ಓಡಿದ. ಅಳಿವೆಯ ಬಾಯಲ್ಲಿ ದೋಣಿ. ದಡದಲ್ಲಿದ್ದ ಆ ಹಳೆಯ ಅಂಬಿಗ ಅಂಗಲಾಚಿದ: “ಕೈ ಮಾಡಿ ತೋರ್ಸಿ ಸಾವ್ಕಾರ್ರೇ! ಎಡಕ್ಕಾ, ಬಲಕ್ಕಾ?” ಸಾಹುಕಾರ ಕೈ ಎತ್ತಿದ. ಎತ್ತಿದ ಕೈ ಎತ್ತಿದಲ್ಲೇ ಉಳಿಯಿತು. ಯಾವ ಕಡೆ ತೋರಿಸುತ್ತಾನೆ? ತಮ್ಮ ಆ ಕೈ ಕಂಡು, ಅಣ್ಣ ಕರೆಯುತ್ತಿದ್ದಾನೆಂದು ನಕ್ಕು, ಹೆಂಡತಿಗೆ ಹೇಳಿದನಂತೆ: “ಹೆದ್ರಬೇಡ. ಅಣ್ಣ ನೆಟ್ಟ ಗಳ ಅದು.” ಗಳದ ಸಾಲು ಹಿಡಿದು ನೇರ ಬಂದ. ದೋಣಿ ದಿಬ್ಬಕ್ಕೆ ಬಡಿದು ಮಗುಚಿತು. ಹೆಂಡತಿ ಮಕ್ಕಳನ್ನು ಮೀನುಗಾರರು ಎತ್ತಿದರು. ತಮ್ಮ ಸಿಗಲಿಲ್ಲ.

ಅವನನ್ನು ಕೊಂದದ್ದು ದೊಡ್ಡವನ ಫಿರಂಗಿಯೇ? ಚಿಕ್ಕವನ ಹಡಗೇ? ಹೇಳಿ!

ಈಗ ನಮ್ಮ ವಿಷಯಕ್ಕೆ ಬರೋಣ. ಪಾಲಿನ ಜಗಳವಾಡಿದ ಅಣ್ಣ ತಮ್ಮ ನಿಮ್ಮ ಕೇರಿಯಲ್ಲಿಲ್ಲವೇ? ಅಣ್ಣನ ಮನೆಯ ಕಾಫಿ ಕುಡಿದು “ನಿಮ್ಮ ತಮ್ಮನದೇ ತಪ್ಪು” ಎಂದವರು ಯಾರು? ತಮ್ಮನ ಜಗಲಿಯಲ್ಲಿ ಕೂತು “ನಿಮ್ಮಣ್ಣ ಸರಿಯಿಲ್ಲ” ಎಂದವರು ಯಾರು? ಅತ್ತೆಗೊಂದು, ಸೊಸೆಗೊಂದು ಹೇಳಿದವರು? ತಲೆ ತಗ್ಗಿಸಬೇಡಿ ತಾಯಿ, ಈ ಕಾವಿ ಉಟ್ಟವನೂ ಹೇಳಿದ್ದಾನೆ. ನನಗೆ ಈಗಲೂ ನಾಚಿಕೆಯಾಗುತ್ತದೆ.

ಇವತ್ತಿನಿಂದ, ಅಣ್ಣನೆದುರು ಆಡಲಾಗದ ಮಾತನ್ನು ತಮ್ಮನೆದುರೂ ಆಡಬೇಡಿ. ಆಡಿ ಆಗಿದೆಯೇ? ಅವರೂ ಇದೇ ಸಭೆಯಲ್ಲಿ ಕೂತಿದ್ದಾರೆ. ಹೋಗಿ, “ಅವತ್ತು ನಾನು ಹೇಳಿದ್ದು ಸುಳ್ಳು” ಎಂದು ಹೇಳಿ. ಪ್ರಸಾದಕ್ಕೆ ಎಲೆ ಹಾಕುವುದು ಸ್ವಲ್ಪ ತಡವಾಗಲಿ. ಅಡುಗೆಯವರಿಗೆ ನಾನು ಹೇಳಿದ್ದೇನೆ, ಕಾಯುತ್ತಾರೆ. ಏಳಿ.